‘ಡೇಟಾ ರಿಡಕ್ಷನ್’: ಕಡಿತವೋ, ಬತ್ತಿಸುವುದೋ, ಹಸನು ಮಾಡುವುದೋ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ತಲೆ ತಿನ್ನುತ್ತಿದೆ. ನಿಮ್ಮ ತಲೆಗೂ ಸ್ವಲ್ಪ ಹುಳ ಬಿಡೋಣ ಅಂತ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನಾವು ಇಬ್ಬರು ಮೇಷ್ಟ್ರುಗಳು ಸೇರಿ ಎಂಎಸ್ಸಿ ಭೌತಶಾಸ್ತ್ರದ ಹನ್ನೆರಡು ಮಕ್ಕಳಿಗೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಡೇಟಾ ಬಳಸುವುದನ್ನು ಹೇಳಿಕೊಡುತ್ತಿದ್ದೇವೆ. ಶನಿವಾರ ಮಧ್ಯಾಹ್ನ, ಇಬ್ಬರಿಗೊಂದು ಲ್ಯಾಪ್‌ಟಾಪ್. ವೆಬ್‌ನ ಡೇಟಾ ಸಾಮಾನ್ಯವಾಗಿ ಹೆಚ್ಚೆಂದರೆ 12 ತಿಂಗಳು ವೀಕ್ಷಣೆ ಕೇಳಿದವರಿಗೆ ಮೀಸಲು. ಆಮೇಲೆ ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು. ಕಲಿಯಲು ಇಂಗ್ಲಿಷಿನಲ್ಲಿ ಬೇಕಾದಷ್ಟಿದೆ. ಬಾಲ್ಟಿಮೋರಿನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನವರು ‘ಜೆವೆಬಿನಾರ್’ ಅಂತ ಪಾಠಗಳನ್ನೇ ನಡೆಸಿದ್ದಾರೆ. ಪೈಥಾನ್ ನೋಟ್‌ಬುಕ್ ತೆರೆದು ಅವರು ಹೇಳಿದಂತೆ ಒಂದೊಂದೇ ಸಾಲು ಓಡಿಸುತ್ತಾ ಹೋಗುವುದು. ನಮ್ಮ ಮಕ್ಕಳೂ ಓಡಿಸುತ್ತಾರೆ. ಆದರೆ ಅರ್ಧ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಬೆರಳು ಮುಂದೆ ಹೋಗುತ್ತದೆ, ಅರ್ಥ ಹಿಂದೆ ಉಳಿಯುತ್ತದೆ. ಅದಕ್ಕೇ ಕನ್ನಡದಲ್ಲಿ ಹತ್ತು ಪುಟದ ಟಿಪ್ಪಣಿ ಮಾಡಲು ಕೂತೆ. ಮೊದಲ ಸಾಲಿಗೇ ಎಡವಿದೆ.

ಖಗೋಳದವರು ‘ಡೇಟಾ ರಿಡಕ್ಷನ್’ ಅನ್ನುತ್ತಾರಲ್ಲ, ಅದು. ದೂರದರ್ಶಕ ಕಳಿಸಿದ ಕಚ್ಚಾ ಅಂಕಿಗಳಲ್ಲಿ ಉಪಕರಣದ್ದು ಎಷ್ಟು, ಆಕಾಶದ್ದು ಎಷ್ಟು ಅಂತ ಬೇರೆ ಮಾಡುವ ಕೆಲಸ. ನಾನು ‘ದತ್ತಾಂಶ ಕಡಿತ’ ಅಂತ ಬೋರ್ಡಿನ ಮೇಲೆ ಬರೆದೆ. ಪಾಂಡವಪುರದ ಹುಡುಗಿಯೊಬ್ಬಳು, “ಸಾರ್, ಇದು ಆಷಾಢದ ಸೇಲಾ, ನಾಯಿ ಕಡಿತವಾ?” ಅಂದಳು. ಕ್ಲಾಸೆಲ್ಲ ನಕ್ಕಿತು. ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಸಂಬಳ ಕಡಿತ, ಕರೆಂಟು ಕಡಿತ, ಹಾವು ಕಡಿತ. ನಮ್ಮಲ್ಲಿ ಕಡಿತದಿಂದ ಯಾರಿಗೂ ಒಳ್ಳೆಯದಾಗಿಲ್ಲ. ಅಳಿಸಿದೆ.

‘ಸಂಸ್ಕರಣೆ’ ಇದೆಯಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಅದಕ್ಕೆ ಒಳ್ಳೆಯ ಮನೆತನವೇ ಇದೆ. ಪಂಚಾಂಗದ ಗಣಿತದಲ್ಲಿ ದೇಶಾಂತರ ಸಂಸ್ಕಾರ, ಚರ ಸಂಸ್ಕಾರ ಅನ್ನುತ್ತಾರೆ. ಲೆಕ್ಕ ಹಾಕಿ ಬಂದ ಗ್ರಹದ ಜಾಗವನ್ನು ನಮ್ಮ ಊರಿಗೆ ಹೊಂದುವಂತೆ ತಿದ್ದುವುದು. ಆಕಾಶದ ಅಂಕಿಯನ್ನು ತಿದ್ದುವುದಕ್ಕೆ ಸಂಸ್ಕಾರ ಅಂತ ಹೇಳಿಕೊಂಡೇ ಬಂದಿದ್ದೇವೆ, ಅಂದಮೇಲೆ ಜಗಳವೇ ಇಲ್ಲ. ತೊಂದರೆ ಬೇರೆ. ‘ಪ್ರೊಸೆಸಿಂಗ್’ಗೆ ಆಗಲೇ ಸಂಸ್ಕರಣೆ ಅಂದುಬಿಟ್ಟಿದ್ದೇವೆ. ಆಹಾರ ಸಂಸ್ಕರಣೆ, ಕಸ ಸಂಸ್ಕರಣೆ, ಈಗ ದತ್ತಾಂಶ ಸಂಸ್ಕರಣೆ. ಒಂದೇ ಪುಟದಲ್ಲಿ ಪ್ರೊಸೆಸಿಂಗೂ ರಿಡಕ್ಷನ್ನೂ ಬಂದರೆ ಏನು ಮಾಡಲಿ?

ಪದ ಆಮೇಲೆ, ಮೊದಲು ಕೆಲಸ ಏನು ಅಂತ ನೋಡೋಣ. ವೆಬ್‌ನ ಹತ್ತಿರದ ಅವಕೆಂಪು (ನಿಯರ್ ಇನ್ಫ್ರಾರೆಡ್) ಕ್ಯಾಮೆರಾದ ಒಂದು ಪತ್ತೆಫಲಕದಲ್ಲಿ, ಅಂದರೆ ಬೆಳಕು ಹಿಡಿಯುವ ಡಿಟೆಕ್ಟರಿನಲ್ಲಿ, ಉದ್ದಕ್ಕೆ 2048, ಅಗಲಕ್ಕೆ 2048 ಚುಕ್ಕಿ (ಪಿಕ್ಸೆಲ್). ಒಟ್ಟು ಸುಮಾರು 42 ಲಕ್ಷ. ಒಂದೊಂದು ಚುಕ್ಕಿಯನ್ನೂ ಒಂದು ಬಕೆಟ್ ಅಂದುಕೊಳ್ಳಿ. ನಲ್ಲಿಯಲ್ಲಿ ಕಾವೇರಿ ನೀರು ಸಣ್ಣಗೆ ಬರುತ್ತಿದೆ, ಬಕೆಟ್ ತುಂಬುತ್ತಿದೆ. ನೀರು ಚೆಲ್ಲದೆ, ಆಗಾಗ ಬಗ್ಗಿ ಮಟ್ಟ ಎಷ್ಟಾಯಿತು ಅಂತ ಬರೆದುಕೊಳ್ಳುತ್ತೀರಿ. ಗ್ರಾಫ್ ಹಾಕಿದರೆ ಗೆರೆ ಮೇಲೇರುತ್ತದೆ. ಗೆರೆ ಎಷ್ಟು ಕಡಿದಾಗಿದೆಯೋ ನಲ್ಲಿ ಅಷ್ಟು ಜೋರು, ಅಂದರೆ ಬೆಳಕು ಅಷ್ಟು ಜಾಸ್ತಿ. ಮಧ್ಯೆ ಮನೆಯ ಮಗು ಒಂದು ಚೊಂಬು ನೀರು ಸುರಿದುಬಿಟ್ಟರೆ ಗೆರೆ ಅಲ್ಲೇ ದಡಕ್ಕನೆ ಹಾರುತ್ತದೆ. ಅದು ಕಾಸ್ಮಿಕ್ ಕಿರಣದ, ಅಂದರೆ ಬಾಹ್ಯಾಕಾಶದಿಂದ ಜೋರಾಗಿ ನುಗ್ಗಿ ಬರುವ ಕಣದ, ಏಟು. ಆ ಹಾರಿಕೆಯನ್ನು ಬಿಟ್ಟು ಉಳಿದ ಗೆರೆಯ ಏರು ಹಿಡಿಯಬೇಕು. ಬಕೆಟ್ ತುಂಬಿ ಹರಿದ ಮೇಲೆ ಬರೆದುಕೊಂಡ ಮಟ್ಟ ಲೆಕ್ಕಕ್ಕಿಲ್ಲ.

ಇಷ್ಟು ಮೊದಲ ಹಂತ. ಹೆಸರಿನ ಬಾಲದಲ್ಲಿ ‘ಅನ್‌ಕ್ಯಾಲ್’ ಅಂತ ಇದ್ದ ಫೈಲು ಇದನ್ನು ದಾಟಿ ‘ರೇಟ್’ ಆಗುತ್ತದೆ. ಎರಡನೇ ಹಂತದಲ್ಲಿ ಒಂದೊಂದು ಚಿತ್ರವನ್ನೂ ತಿದ್ದಿ, ಅಂಕಿಗಳಿಗೆ ಬೆಳಕಿನ ನಿಜವಾದ ಅಳತೆ ಕೊಡುವುದು. ಮೂರನೆಯದರಲ್ಲಿ ಚಿತ್ರಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ಸೇರಿಸುವುದು.

ಇಲ್ಲಿ ಹುಡುಗನೊಬ್ಬ ನನ್ನನ್ನೇ ಹಿಡಿದ. “ಸಾರ್, ಎಷ್ಟೋ ಸಲ ಓದಿದ ಅಂಕಿ ಸೇರಿ ಒಂದಾಯ್ತು. ಎಷ್ಟೋ ಚಿತ್ರ ಸೇರಿ ಒಂದಾಯ್ತು. ಕಡಿಮೆ ಆಯ್ತಲ್ಲ, ಮತ್ತೆ ಕಡಿತ ಯಾಕೆ ಬೇಡ?” ಸರಿಯಾದ ಪ್ರಶ್ನೆ. ಅವನ ಮನೆ ಮದ್ದೂರು ಕಡೆ, ಮನೆಯವರದ್ದೇ ಆಲೆಮನೆ. ಅದನ್ನೇ ಹಿಡಿದು ಕೇಳಿದೆ: ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲ ಆಗುತ್ತಲ್ಲ, ಅದಕ್ಕೆ ಏನಂತೀರಿ? ಬತ್ತಿಸೋದು ಅಂದ. ಬತ್ತಿಸಿದರೆ ಸಾಕಾ? “ಎಲ್ಲಾದ್ರೂ ಉಂಟಾ ಸಾರ್? ಮೊದಲು ಮಡ್ಡಿ ತೆಗೀಬೇಕು. ಬೆಂಡೆ ಗಿಡದ ಲೋಳೆ ಹಾಕ್ತಾರೆ, ಕೊಳೆಯೆಲ್ಲ ಮೇಲಕ್ಕೆ ಬರುತ್ತೆ, ಜಾಲರಿ ಸೌಟಲ್ಲಿ ತೆಗೆದು ಎಸೀತಾರೆ. ಮಡ್ಡಿ ಉಳಿದರೆ ಬೆಲ್ಲ ಕಪ್ಪಾಗುತ್ತೆ.” ಉತ್ತರ ಅವನ ಬಾಯಿಂದಲೇ ಬಂತು. ಕಡಿಮೆಯಾಗುವುದು ತಾನಾಗಿ ಆಗುವುದು. ಕೆಲಸ ಇರುವುದು ಮಡ್ಡಿ ತೆಗೆಯುವುದರಲ್ಲಿ. ಹಾಗಾಗಿ ‘ಬತ್ತಿಸುವುದು’ ಚಂದವಾಗಿದ್ದರೂ ಕೈಬಿಟ್ಟೆ.

ಆ ರಾತ್ರಿ ಮನೆಯಲ್ಲಿ ನಮ್ಮತ್ತೆ ಹಜಾರದಲ್ಲಿ ಕೂತು ಮೊರದಲ್ಲಿ ರಾಗಿ ಮಾಡುತ್ತಿದ್ದರು. ಊರಿನಿಂದ ಬಂದ ರಾಗಿ, ಮಿಲ್ಲಿಗೆ ಹಾಕುವ ಮೊದಲು ಒಮ್ಮೆ ಅವರ ಕೈ ದಾಟಲೇಬೇಕು. ಮೊರವನ್ನು ಮೇಲಕ್ಕೆ ಎರಡು ಸಲ ಕೇರಿದರು, ಹೊಟ್ಟು ಹಾರಿತು. ಆಮೇಲೆ ಅಡ್ಡಡ್ಡ ಒನೆದರು, ಸಣ್ಣ ಕಲ್ಲು ಒಂದು ಮೂಲೆ ಸೇರಿತು. ಹೆಬ್ಬೆರಳಲ್ಲಿ ಅದನ್ನು ತಳ್ಳಿ, “ನಾಳೆ ಒಂದಿಷ್ಟು ಹಸನು ಮಾಡಿಬಿಟ್ಟರೆ ಮಿಲ್ಲಿಗೆ ಹಾಕಬಹುದು ಕಣಪ್ಪ” ಅಂದರು.

ಹಸನು! ಅದೇ ನೋಡಿ. ರಾಗಿ ಹಸನು ಮಾಡುವಾಗಲೂ ತೂಕ ಕಡಿಮೆಯಾಗುತ್ತದೆ, ಆದರೆ ಯಾರೂ ಅದಕ್ಕೆ ಕಡಿತ ಅನ್ನುವುದಿಲ್ಲ. ಬಾಳು ಹಸನಾಗಲಿ ಅನ್ನುತ್ತೇವೆ, ಹೊಲ ಹಸನು ಮಾಡುತ್ತೇವೆ. ಇರಬೇಕಾದ್ದನ್ನು ಉಳಿಸಿಕೊಂಡು, ಬೇಡದ್ದನ್ನು ತೆಗೆದು, ಮುಂದಿನ ಕೆಲಸಕ್ಕೆ ತಯಾರು ಮಾಡುವುದು. ಈಗ ಟಿಪ್ಪಣಿಯಲ್ಲಿ ‘ಡೇಟಾ ಹಸನು ಮಾಡುವುದು’ ಅಂತ ಬರೆದಿದ್ದೇನೆ. ನನ್ನ ಜೊತೆಯ ಮೇಷ್ಟ್ರಿಗೆ ಇದು ಒಪ್ಪಿಲ್ಲ. ಪ್ರಬಂಧದಲ್ಲಿ ‘ಹಸನು’ ಅಂದರೆ ಯಾರೂ ಗಂಭೀರವಾಗಿ ತಗೊಳ್ಳಲ್ಲ ಅನ್ನುತ್ತಾರೆ. ಗಂಭೀರ ಅಂದರೆ ಸಂಸ್ಕೃತವೇ ಆಗಬೇಕಾ ಅಂತ ನಾನು. ಚಹಾ ತಣ್ಣಗಾಗುವವರೆಗೂ ವಾದ ಮಾಡಿದ್ದೇವೆ.

ಉಳಿದ ಪದಗಳನ್ನು ಬೇಗ ಹೇಳಿ ಮುಗಿಸುತ್ತೇನೆ.

‘ಇನ್ಫ್ರಾರೆಡ್’ಗೆ ಪತ್ರಿಕೆಗಳಲ್ಲಿ ಅತಿಗೆಂಪು ಅಂತಲೂ ಕಾಣುತ್ತದೆ, ಅವಕೆಂಪು ಅಂತಲೂ ಕಾಣುತ್ತದೆ. ನನ್ನ ವೋಟು ಅವಕೆಂಪಿಗೆ. ಅತಿನೇರಳೆ ನೇರಳೆಯ ಆಚೆ, ಕಂಪನ ಜಾಸ್ತಿ. ಇದು ಕೆಂಪಿನ ಕೆಳಗೆ, ಕಂಪನ ಕಡಿಮೆ. ಎರಡಕ್ಕೂ ‘ಅತಿ’ ಹಚ್ಚಿದರೆ ಹುಡುಗರಿಗೆ ದಿಕ್ಕು ತಪ್ಪುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ ಒಡೆದು, ಕೆಂಪು ಮುಗಿದು ಬಣ್ಣವೇ ಕಾಣದ ಕಡೆ ಥರ್ಮಾಮೀಟರ್ ಇಟ್ಟಾಗ ಪಾದರಸ ಇನ್ನೂ ಏರಿತು. ಬಣ್ಣ ಇಲ್ಲ, ಬಿಸಿ ಇದೆ. ಬೆಚ್ಚಗಿರುವುದೆಲ್ಲ ಈ ಬೆಳಕು ಬೀರುತ್ತದೆ, ದೂರದರ್ಶಕವೂ ಸೇರಿ. ಅದಕ್ಕೇ ವೆಬ್‌ನ ‘ಮಿರಿ’ ಉಪಕರಣವನ್ನು 7 ಕೆಲ್ವಿನ್‌ಗಿಂತ ಕೆಳಗೆ, ಅಂದರೆ ಸೊನ್ನೆಗಿಂತ 266 ಡಿಗ್ರಿ ಸೆಲ್ಸಿಯಸ್ ಕೆಳಗೆ, ತಣ್ಣಗಿಡುತ್ತಾರೆ.

‘ಡಾರ್ಕ್’ಗೆ ಕತ್ತಲೆ ಚಿತ್ರ ಅಂದಿದ್ದೇನೆ. ಬೆಳಕು ಬೀಳದಿದ್ದಾಗಲೂ ಫಲಕ ತೋರಿಸುವ ಅಂಕಿ ಅದು, ಕಳೆಯಬೇಕು. ಅಂಗಡಿಯವರು ಎಣ್ಣೆ ತೂಗುವ ಮೊದಲು ಖಾಲಿ ಡಬ್ಬಿ ತೂಗುತ್ತಾರಲ್ಲ, ಹಾಗೆ. ‘ಫ್ಲಾಟ್’ ಮಾತ್ರ ಕೈಗೆ ಸಿಗುತ್ತಿಲ್ಲ. ಒಂದೇ ಸಮನಾದ ಬೆಳಕಿಗೂ ಒಂದು ಚುಕ್ಕಿ ಜಾಸ್ತಿ ಸ್ಪಂದಿಸುತ್ತದೆ, ಇನ್ನೊಂದು ಕಡಿಮೆ. ಆ ಹೆಚ್ಚುಕಡಿಮೆಯ ನಕ್ಷೆಯಿಂದ ಭಾಗಿಸುವುದು. ‘ಚಪ್ಪಟೆ ಚಿತ್ರ’ ಅಂದರೆ ದೋಸೆಯ ಫೋಟೋ ಆಗುತ್ತದೆ. ‘ಸಮಬೆಳಕಿನ ಚಿತ್ರ’ ಹೇಗೆ?

‘ಸ್ಲೋಪ್’ಗೆ ಪಠ್ಯಪುಸ್ತಕದ ‘ಇಳಿಜಾರು’ ಹಾಕಿದರೆ, ಏರುವ ಗೆರೆಗೆ ಇಳಿಜಾರು ಎಷ್ಟು ಅಂತ ಕೇಳಿದಂತಾಗುತ್ತದೆ. ಗಾರೆಯವರ ‘ವಾಟ’ ನನಗೆ ಇಷ್ಟ, ಆದರೆ ಬಚ್ಚಲಿನ ವಾಟವೂ ಕೆಳಕ್ಕೇ ತಾನೆ. ‘ಏರು’ ಅಂತಲೇ ಇಟ್ಟಿದ್ದೇನೆ. ಈ ಹಂತಗಳನ್ನೆಲ್ಲ ಸಾಲಾಗಿ ಓಡಿಸುವ ತಂತ್ರಾಂಶದ ‘ಪೈಪ್‌ಲೈನ್’ ಪೈಪ್‌ಲೈನೇ. ‘ಕೊಳವೆಮಾರ್ಗ’ ಅಂದರೆ ನಲ್ಲಿ ನೀರು ಎಷ್ಟೊತ್ತಿಗೆ ಬಿಡ್ತಾರೆ ಅಂತ ಕೇಳ್ತಾರೆ.

ಕೊನೆಯದು ‘ಸ್ನೋಬಾಲ್’. ಕಾಸ್ಮಿಕ್ ಕಿರಣದ ಕೆಲವು ದೊಡ್ಡ ಏಟುಗಳಿಗೆ ಚಿತ್ರದಲ್ಲಿ ನಡುವೆ ತುಂಬಿಹೋದ ಗುಂಡು, ಸುತ್ತ ದುಂಡಗೆ ಮಸುಕು ಬೀಳುತ್ತದೆ. ಹಿಮದುಂಡೆ ಅನ್ನಬಹುದು, ಆದರೆ ನಮ್ಮ ಮಕ್ಕಳು ಹಿಮ ನೋಡಿರುವುದು ಫ್ರೀಜರಿನಲ್ಲಿ. ನಾಗಮಂಗಲದ ಹುಡುಗ ಸ್ಕ್ರೀನಿಗೆ ಬೆರಳಿಟ್ಟು, “ಸಾರಿನಲ್ಲಿ ಮುದ್ದೆ ಸಾರ್” ಅಂದ. ಅಂದಿನಿಂದ ಕ್ಲಾಸಿನಲ್ಲಿ ಅದು ಮುದ್ದೆಯೇ. “ಸಾರ್, ಈ ಚಿತ್ರದಲ್ಲಿ ನಾಲ್ಕು ಮುದ್ದೆ ಇದೆ, ತೆಗೀಲಾ?” ಅಂತಾರೆ.

ಈಗ ನನ್ನ ಪ್ರಶ್ನೆಗಳು. ‘ಹಸನು’ ನಿಮ್ಮ ಕಡೆ ಕಾಳಿಗೆ, ಹೊಲಕ್ಕೆ ಬಿಟ್ಟು ಬೇರೆ ಯಾವುದಕ್ಕೆಲ್ಲ ಬಳಕೆಯಲ್ಲಿದೆ? ಲೆಕ್ಕಪತ್ರ, ಬರಹ, ಯಂತ್ರ ಇಂಥದ್ದಕ್ಕೆ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಅದು ಅಚ್ಚಗನ್ನಡವೋ ಅರಬ್ಬಿಯ ‘ಹಸನ್’ನಿಂದ ಬಂದದ್ದೋ ಅನ್ನುವ ಜಗಳ ಇದ್ದರೆ ಅದನ್ನೂ ಇಲ್ಲೇ ಆಡಿ, ಕೇಳಲು ಖುಷಿ. ಇನ್ನೊಂದು: ಒಂದೇ ಜಾಗವನ್ನು ದೂರದರ್ಶಕ ಚೂರುಚೂರು ಜರುಗಿಸಿ ಮತ್ತೆ ಮತ್ತೆ ಸೆರೆಹಿಡಿಯುವುದಕ್ಕೆ ‘ಡಿದರ್’ ಅನ್ನುತ್ತಾರೆ, ಕೆಟ್ಟ ಚುಕ್ಕಿಯ ಜಾಗ ತುಂಬಿಕೊಳ್ಳಲಿ ಅಂತ. ಅತ್ತೆಯ ‘ಒನೆ’ ಇದಕ್ಕೆ ಹೊಂದುತ್ತದಾ, ಅಥವಾ ನಾನು ಮೊರದ ಮೋಹದಲ್ಲಿ ಬಿದ್ದಿದ್ದೇನಾ?

ಶುಕ್ರವಾರದೊಳಗೆ ಹೇಳಿದರೆ ತಿದ್ದಿ ಜೆರಾಕ್ಸ್‌ಗೆ ಕೊಡುತ್ತೇನೆ.