ಕರುಳಿನ ಆಪರೇಷನ್ ಆದಮೇಲೆ ಪದೇ ಪದೇ ಅರ್ಧಂಬರ್ಧ ಬ್ಲಾಕ್ ಆಗುತ್ತಿದೆ, ದಾರಿ ಹೇಳಿ

ಮಲೆನಾಡ_ಮಂಜು
ಸಾಕಾಗಿ ಹೋಗಿದೆ. ಹೋದ ವರ್ಷ ದೀಪಾವಳಿ ಹೊತ್ತಿಗೆ ಕರುಳಿನ ಆಪರೇಷನ್ ಆಯಿತು. ಸ್ವಲ್ಪ ಕಾಲ ಚೆನ್ನಾಗಿಯೇ ಇದ್ದೆ. ಈಗ ಊಟ ಆಗಿ ಒಂದೆರಡು ಗಂಟೆಗೆ ಹೊಕ್ಕುಳ ಸುತ್ತ ಹಿಂಡುವ ನೋವು ಶುರುವಾಗುತ್ತದೆ. ಏರುತ್ತದೆ, ಇಳಿಯುತ್ತದೆ, ಮತ್ತೆ ಬರುತ್ತದೆ. ಹೊಟ್ಟೆ ಉಬ್ಬಿ ತಮಟೆ. ಗುಳುಗುಳು ಸದ್ದು ಪಕ್ಕದವರಿಗೂ ಕೇಳುತ್ತದೆ. ಗ್ಯಾಸ್ ಸ್ವಲ್ಪ ಹೋಗುತ್ತದೆ, ಭೇದಿ ಥರ ನೀರೂ ಹೋಗುತ್ತದೆ, ಆದರೂ ಹೊಟ್ಟೆ ಇಳಿಯುವುದಿಲ್ಲ. ಒಂದು ಸಲ ಅಡ್ಮಿಟ್ ಮಾಡಿಕೊಂಡು ಮೂಗಿಗೆ ಪೈಪ್ ಹಾಕಿ, ಡ್ರಿಪ್ ಏರಿಸಿ, ಸರಿಹೋಯಿತು ಅಂತ ಕಳಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ 'ಸಾಫ್ಟ್ ಡಯಟ್' ಅಂತ ಎರಡೇ ಪದ. ನಾನು ಹೊರಗಡೆ ತಿನ್ನುವುದಿಲ್ಲ, ಎಣ್ಣೆ ಖಾರ ಬಿಟ್ಟಾಗಿದೆ, ಮೈದಾ ಮುಟ್ಟುವುದಿಲ್ಲ. ಇನ್ನೇನು ಬಿಡಬೇಕು? 'ಡಾಕ್ಟರಿಗೆ ತೋರಿಸಿ' ಅಂತ ಮಾತ್ರ ಯಾರೂ ಬರೆಯಬೇಡಿ. ತೋರಿಸಿ ಬಂದೇ ಬರೆಯುತ್ತಿರುವುದು.

ನಾರು_ನಾಗಣ್ಣ
ಇದು ನಾರಿನಂಶ ಕಡಿಮೆಯಾದ ಕೇಸು. ನೂರಕ್ಕೆ ನೂರು. ರಾತ್ರಿ ಮಲಗುವಾಗ ಎರಡು ಚಮಚ ಇಸಬ್ಗೋಲ್, ವಾರಕ್ಕೊಮ್ಮೆ ಹರಳೆಣ್ಣೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದೇ. ಹಿರಿಯರು ಸುಮ್ನೆ ಹೇಳಿಲ್ಲ.

ಚೀಲದ_ಚಂದ್ರು
ಅಯ್ಯೋ ನಾಗಣ್ಣೋರೆ, ನಿಲ್ಲಿಸಿ. ಇದು ಮಲಬದ್ಧತೆ ಅಲ್ಲ, ದಾರಿಯೇ ಕಿರಿದಾಗಿರುವುದು. ಇಸಬ್ಗೋಲ್ ಒಂದು ಲೋಟ ನೀರಿಗೆ ಹಾಕಿ ಅರ್ಧ ಗಂಟೆ ಇಟ್ಟು ನೋಡಿ, ಲೋಟ ಬೋರಲು ಹಾಕಿದರೂ ಬೀಳುವುದಿಲ್ಲ. ಅದು ಕಿರಿದಾದ ಜಾಗದ ಹಿಂದೆ ಹೋಗಿ ಊದಿಕೊಂಡರೆ ಏನಾಗುತ್ತದೆ? ಹರಳೆಣ್ಣೆ ಇನ್ನೂ ಅಪಾಯ. ಮುಂದೆ ದಾರಿ ಇಲ್ಲದಿರುವಾಗ ಹಿಂದಿನಿಂದ ತಳ್ಳಿದ ಹಾಗೆ.

ಮಂಜು, ಯಾವ ಕರುಳು? ಸಣ್ಣದಾ ದೊಡ್ಡದಾ? ಕತ್ತರಿಸಿದ ಮೇಲೆ ಎಂಡ್ ಟು ಎಂಡ್, ಅಂದರೆ ತುದಿಗೆ ತುದಿ ಜೋಡಿಸಿದ್ದಾ, ಸ್ಟೇಪ್ಲರ್ ಹಾಕಿ ಸೈಡ್ ಟು ಸೈಡ್, ಅಂದರೆ ಪಕ್ಕಕ್ಕೆ ಪಕ್ಕವಾ? ಮಧ್ಯೆ ಸ್ವಲ್ಪ ಕಾಲ ಹೊಟ್ಟೆ ಮೇಲೆ ಮಲದ ಚೀಲ ಇತ್ತಾ? ಅಪೆಂಡಿಕ್ಸೋ, ಗಡ್ಡೆಯೋ, ಏನೂ ಹೇಳಿಲ್ಲ.

ನಾರು_ನಾಗಣ್ಣ
ನಮ್ಮ ಅತ್ತೆಯವರು ಇಪ್ಪತ್ತು ವರ್ಷದಿಂದ ಇಸಬ್ಗೋಲ್ ತಗೋತಾರೆ. ಇವತ್ತಿಗೂ ಗಟ್ಟಿಯಾಗಿದ್ದಾರೆ.

ಚೀಲದ_ಚಂದ್ರು
ನಿಮ್ಮ ಅತ್ತೆಯವರ ಕರುಳು ಯಾರಾದರೂ ಕತ್ತರಿಸಿ ಹೊಲಿದಿದ್ದಾರಾ?

ವಾರ್ಡ್_ಸಿಸ್ಟರ್
ಜಗಳ ಆಮೇಲೆ. ಮಂಜು ಅವರೇ, ನೀರು ನೀರಾಗಿ ಹೋಗುತ್ತಿದೆ ಅಂದರೆ ಬ್ಲಾಕ್ ಇಲ್ಲ ಅಂತಲ್ಲ. ಕಿರಿದಾದ ಜಾಗದಲ್ಲಿ ನೀರು ನುಸುಳುತ್ತದೆ, ಗಟ್ಟಿ ಹಿಂದೆ ಉಳಿಯುತ್ತದೆ. ಭೇದಿ ಅಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ನುಂಗುವವರನ್ನು ವಾರ್ಡಲ್ಲಿ ನೋಡಿದ್ದೇನೆ, ಆಮೇಲೆ ಪೂರ್ತಿ ಕಟ್ಟಿಕೊಳ್ಳುತ್ತದೆ. ವಾಂತಿಗೆ ಅಂತ ಕರುಳನ್ನು ಚುರುಕು ಮಾಡುವ ಮಾತ್ರೆಯನ್ನೂ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೋಬೇಡಿ. ನೋವಿಗೆ ಟ್ರಮಡಾಲ್ ನುಂಗುತ್ತಿದ್ದರೆ ಅದೂ ಕರುಳನ್ನು ಮಂದ ಮಾಡುತ್ತದೆ.

ನೋವು ಬಂದು ಹೋಗುವುದು ಬಿಟ್ಟು ಒಂದೇ ಸಮ ನಿಂತರೆ, ಜ್ವರ ಬಂದರೆ, ಹಸಿರು ವಾಂತಿಯಾದರೆ, ಗ್ಯಾಸ್ ಪೂರ್ತಿ ನಿಂತರೆ, ಹೊಟ್ಟೆ ಮುಟ್ಟಲೂ ಆಗದಷ್ಟು ಗಟ್ಟಿಯಾದರೆ, ಇಲ್ಲಿ ಬರೆಯುತ್ತಾ ಕೂರಬೇಡಿ. ಕ್ಯಾಶುವಾಲ್ಟಿಗೆ ಹೋಗಿ, ರಾತ್ರಿ ಎರಡಾದರೂ ಸರಿ. ಕರುಳಿಗೆ ರಕ್ತ ನಿಂತರೆ ಗಂಟೆಗಳ ಲೆಕ್ಕ.

ಈಗ ಹೇಳಿ, ನಿನ್ನೆ ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ತಿಂದಿರಿ?

ಮಲೆನಾಡ_ಮಂಜು
ಸಣ್ಣ ಕರುಳು. ಕೊನೇ ಭಾಗ ತೆಗೆದರು. ಅದಕ್ಕೂ ಊಟಕ್ಕೂ ಏನು ಸಂಬಂಧ ಅಂತ ಬರೆದಿರಲಿಲ್ಲ. ಊಟ ತುಂಬಾ ಹೆಲ್ದಿ. ಬೆಳಿಗ್ಗೆ ಮೊಳಕೆ ಹೆಸರುಕಾಳಿಗೆ ಕಾಯಿತುರಿ ಹಾಕಿಕೊಂಡು ತಿಂದೆ, ಒಂದು ಸೀಬೆಹಣ್ಣು. ಮಧ್ಯಾಹ್ನ ಮುದ್ದೆ, ದಂಟಿನ ಸೊಪ್ಪಿನ ಸಾರು. ಸಂಜೆ ಕಿತ್ತಳೆ, ಒಂದು ಹಿಡಿ ಕಡಲೆಬೀಜ. ರಾತ್ರಿ ಚಪಾತಿ, ನುಗ್ಗೆಕಾಯಿ ಪಲ್ಯ. ಮಲಗುವಾಗ ಇಸಬ್ಗೋಲ್. ಅದು ಮೊದಲಿನಿಂದಲೂ ಇದೆ.

ಚೀಲದ_ಚಂದ್ರು
ನಿಮ್ಮ ಮೆನು ಓದಿ ನನ್ನ ಹೊಟ್ಟೆಯೇ ಹಿಂಡಿತು.

ಕರಾವಳಿ_ಅಕ್ಕ
ಆರೋಗ್ಯವಂತರಿಗೆ ಒಳ್ಳೇ ಊಟವೇ ಮಾರಾಯ್ರೇ, ನಿಮ್ಮಂಥವರಿಗೆ ಮಾತ್ರ ಅಲ್ಲ. ನಮ್ಮ ಯಜಮಾನರಿಗೆ ಇದೇ ಆಗಿತ್ತು. ದಂಟು, ಬಾಳೆದಿಂಡು, ನುಗ್ಗೆ, ಹಲಸು, ಜೋಳ, ಅಣಬೆ, ಕಾಯಿತುರಿ, ಕಿತ್ತಳೆ ತೊಳೆಯ ಎಳೆ, ಬೀಜ ಇರುವ ಹಣ್ಣು, ಇವು ಯಾವುದೂ ಈಗ ಬೇಡ. ಮೆತ್ತಗಿನ ಅನ್ನ, ಮೊಸರು, ಇಡ್ಲಿ, ಬೇಳೆ ಕಟ್ಟು, ಮೊಟ್ಟೆ, ಮುಳ್ಳು ತೆಗೆದ ಮೀನು, ಸಿಪ್ಪೆ ತೆಗೆದು ಮೆದುವಾಗಿ ಬೇಯಿಸಿದ ಕ್ಯಾರೆಟ್ಟು, ಬೂದುಗುಂಬಳ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ. ನೋವು ಶುರುವಾದ ದಿನ ಗಟ್ಟಿ ಪೂರ್ತಿ ಬಂದ್. ಕುಚ್ಚಲಕ್ಕಿ ಗಂಜಿ ತಿಳಿಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಚಿಟಿಕೆ ಉಪ್ಪು ಹಾಕಿ, ಗುಟುಕು ಗುಟುಕಾಗಿ ಕೊಡುತ್ತಿದ್ದೆ. ಬಟ್ಟೆ ಹಿಂಡಬಾರದು. ಹಿಂಡಿದರೆ ಗಸಿಯೂ ಇಳಿಯುತ್ತದೆ.

ವಾರ್ಡ್_ಸಿಸ್ಟರ್
ಒಂದು ಸೇರಿಸುತ್ತೇನೆ. ಕುಡಿದದ್ದೂ ಉಳಿಯದಿದ್ದರೆ ಗಂಜಿಯೂ ಬೇಡ, ಆಸ್ಪತ್ರೆ.

ಮುದ್ದೆ_ಮಾದ
ಮುದ್ದೆಗೆ ಯಾಕೆ ಬೈತೀರಾ? ಮುದ್ದೆ ನುಣುಪು, ಹಾಗೇ ಜಾರಿ ಹೋಗುತ್ತದೆ. ಮಂಡ್ಯದಲ್ಲಿ ಇದೇ ತಿಂದು ಬೆಳೆದಿದ್ದೇವೆ.

ಚೀಲದ_ಚಂದ್ರು
ಅದೇ ತೊಂದರೆ ಅಣ್ಣ. ಮುದ್ದೆ ನುಂಗುತ್ತೇವೆ, ಅಗಿಯುವುದಿಲ್ಲ. ಇವರಿಗೆ ಪ್ರತಿ ತುತ್ತೂ ಬಾಯಲ್ಲೇ ನೀರಾಗಬೇಕು. ರಾಗಿ ಹಿಟ್ಟಲ್ಲಿ ತೌಡೂ ಜಾಸ್ತಿ.

ಮುದ್ದೆ_ಮಾದ
ಮುದ್ದೆ ಅಗಿಯುವವನನ್ನು ನಮ್ಮೂರಲ್ಲಿ ಪಂಕ್ತಿಯಿಂದ ಎಬ್ಬಿಸುತ್ತಾರೆ.

ಕರಾವಳಿ_ಅಕ್ಕ
ರಾಗಿ ಬಿಡಲಾಗದಿದ್ದರೆ ನೆನೆಸಿ ರುಬ್ಬಿ ಹಾಲು ಸೋಸಿ ಮಣ್ಣಿ ಮಾಡಿಕೊಳ್ಳಿ. ಅದನ್ನೂ ಹೊಟ್ಟೆ ಪೂರ್ತಿ ಇಳಿದ ಮೇಲೆ.

ರುಬ್ಬು_ರಾಜ
ರುಬ್ಬುವ ಮಾತು ಬಂತಲ್ಲ, ಹೇಳಿಬಿಡುತ್ತೇನೆ. 750 ವಾಟ್ ಮಿಕ್ಸಿ ಸಾಲುವುದಿಲ್ಲ, ನಾನು 1000 ವಾಟಿಗೆ ಹೋದೆ. ಜೊತೆಗೆ ಟಿಲ್ಟಿಂಗ್ ಗ್ರೈಂಡರ್, ಮೂರು ಜರಡಿ ಇದೆ. ಬೇಳೆ ಸಾರು ಕೂಡ ರೇಷ್ಮೆ ಥರ ಬರುತ್ತದೆ. ಫೋಟೋ ಹಾಕಲಾ?

ಚೀಲದ_ಚಂದ್ರು
ಹಾಕಿ. ನನ್ನ ಹತ್ತಿರ ಹಳೇ ಕಲ್ಲಿನ ಗ್ರೈಂಡರ್ ಇದೆ, ಮೋಟಾರು ಇಂದಿಗೂ ಬಿಸಿಯಾಗುವುದಿಲ್ಲ. ಇಲಿಯೋಸ್ಟಮಿ, ಅಂದರೆ ಸಣ್ಣ ಕರುಳಿನ ಬಾಯಿ ಹೊಟ್ಟೆ ಮೇಲೆ ತಂದು ಚೀಲ ಹಾಕಿದ್ದಾಗ ಕೊಬ್ಬರಿ ಚೂರು ಒಂದು ಸಿಕ್ಕಿಹಾಕಿಕೊಂಡಿತ್ತು. ಮೊದಲು ಚೀಲಕ್ಕೆ ಬರೀ ನೀರು ಸುರಿಯಿತು, ಆಮೇಲೆ ಒಣಗಿತು. ಸ್ಟೋಮಾ, ಅಂದರೆ ಆ ಬಾಯಿ ಊದಿ, ಚೀಲ ಕೂರಿಸುವ ಫ್ಲಾಂಜ್ ತೂತು ಬಿಗಿಯಾಗಿ, ಕತ್ತರಿಯಲ್ಲಿ ದೊಡ್ಡದು ಮಾಡಿ ಹೊಸದು ಅಂಟಿಸಬೇಕಾಯಿತು. ಈಗ 57 ಎಂಎಂ ಟೂ ಪೀಸ್ ಚೀಲ ಎರಡು ಡಬ್ಬ ಉಳಿದಿವೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ವಾರ್ಡ್_ಸಿಸ್ಟರ್
ಮಿಕ್ಸಿ ಅಂಗಡಿ ಮುಚ್ಚಿ. ಮಂಜು ಅವರೇ, ಸಣ್ಣ ಕರುಳಿನ ಕೊನೇ ಭಾಗ ಯಾಕೆ ತೆಗೆದರು? ಅದನ್ನು ಇನ್ನೂ ಹೇಳಿಲ್ಲ.

ಮಲೆನಾಡ_ಮಂಜು
ಟಿಬಿ. ಆರು ತಿಂಗಳು ಮಾತ್ರೆ ನುಂಗಿ ಮುಗಿಸಿದ್ದೇನೆ, ವಾಸಿ ಅಂತ ಬರೆದುಕೊಟ್ಟಿದ್ದಾರೆ. ಅದು ಮುಗಿದ ಕಥೆ, ಅದಕ್ಕೇ ಬರೆಯಲಿಲ್ಲ.

ವಾರ್ಡ್_ಸಿಸ್ಟರ್
ಮುಗಿದ ಕಥೆ ಅಲ್ಲ! ಕರುಳಿನ ಟಿಬಿ ವಾಸಿಯಾಗುವಾಗ ಗಾಯ ಒಣಗಿ ಸುಕ್ಕುಗಟ್ಟುತ್ತದೆ, ಅಲ್ಲಿ ಕರುಳು ಕಿರಿದಾಗುತ್ತದೆ. ಮಾತ್ರೆ ಕ್ರಿಮಿ ಕೊಲ್ಲುತ್ತದೆ, ಸುಕ್ಕು ಬಿಡಿಸುವುದಿಲ್ಲ. ಎರಡನೇ ಸಾಧ್ಯತೆ, ಹೊಲಿದ ಜಾಗವೇ ಕಿರಿದಾಗಿರಬಹುದು. ಮೂರನೆಯದು ಅಂಟು, ಅಂದರೆ ಅಡ್ಹೀಷನ್. ಹೊಟ್ಟೆ ತೆರೆದವರಲ್ಲಿ ಸಣ್ಣ ಕರುಳು ಕಟ್ಟಿಕೊಳ್ಳಲು ಇದೇ ದೊಡ್ಡ ಕಾರಣ, ವರ್ಷಗಳ ಮೇಲೂ ಬರುತ್ತದೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಅಂಟಾದರೆ ಬಹಳ ಸಲ ಹೊಟ್ಟೆಗೆ ರೆಸ್ಟ್ ಕೊಟ್ಟರೆ ಬಿಡುತ್ತದೆ. ಸುಕ್ಕು ಪೈಪ್ ಹಾಕಿದ್ದಕ್ಕೆ ಬಿಡುವುದಿಲ್ಲ, ಮತ್ತೆ ಬರುತ್ತದೆ. ಸಿಟಿ ಸ್ಕ್ಯಾನ್ ಮಾಡಿಸಿದ್ದೀರಾ? ಕೊನೇ ಭಾಗ ಹೋಗಿದ್ದರೆ ವಿಟಮಿನ್ ಬಿ12 ಕೂಡ ನೋಡಿಸಿ, ಅದು ಹೀರಿಕೊಳ್ಳುವುದು ಅಲ್ಲೇ.

ಚೀಲದ_ಚಂದ್ರು
ನನಗೆ ಅಂಟೇ ಇದ್ದದ್ದು. ರೈಲ್ಸ್ ಟ್ಯೂಬಿನಲ್ಲಿ, ಅಂದರೆ ಮೂಗಿನ ಪೈಪಿನಲ್ಲಿ, ಎಕ್ಸ್‌ರೇಯಲ್ಲಿ ಕಾಣುವ ಗ್ಯಾಸ್ಟ್ರೋಗ್ರಾಫಿನ್ ದ್ರವ ಬಿಟ್ಟು ಆಮೇಲೆ ಎಕ್ಸ್‌ರೇ ತೆಗೆದರು. 24 ಗಂಟೆಯೊಳಗೆ ದೊಡ್ಡ ಕರುಳಿಗೆ ಇಳಿದಿದ್ದರೆ ಬಹುಪಾಲು ಆಪರೇಷನ್ ಇಲ್ಲದೆ ಬಿಡುತ್ತದೆ ಅಂದರು. ಇಳಿದಿತ್ತು. ಟ್ಯೂಬ್ ಹಾಕುವಾಗ ಗದ್ದ ಎದೆಗೆ ತಾಗಿಸಿ ನೀರು ಗುಟುಕರಿಸಿ ಅನ್ನುತ್ತಾರಲ್ಲ, ನಿಜವಾಗಲೂ ಹಾಗೆ ಮಾಡಿ. ಕತ್ತು ಎತ್ತಿದರೆ ಕೆಮ್ಮಿ ಕೆಮ್ಮಿ ಸಾಯುತ್ತೀರಿ. ಟ್ಯೂಬಿನ ಚೀಲಕ್ಕೆ ಅಷ್ಟು ಹಸಿರು ನೀರು ಇಳಿಯಿತು ಅಂದರೆ, ಇದೆಲ್ಲ ಒಳಗಿತ್ತಾ ಅನಿಸಿತು.

ನಾರು_ನಾಗಣ್ಣ
ಸಿಟಿ ಗಿಟಿ ಎಲ್ಲಾ ದುಡ್ಡು ಮಾಡುವ ದಾರಿ. ಇಸಬ್ಗೋಲನ್ನು ಬಿಸಿನೀರಲ್ಲಿ ತಗೊಂಡರೆ ಊದುವುದಿಲ್ಲ.

ಚೀಲದ_ಚಂದ್ರು
ಬಿಸಿನೀರಲ್ಲಿ ಇನ್ನೂ ಬೇಗ ಊದುತ್ತದೆ ಸ್ವಾಮಿ!!

ಮಲೆನಾಡ_ಮಂಜು
ಸಿಟಿ ಆಯಿತು. ಹೊಲಿದ ಜಾಗದ ಹತ್ತಿರ ಒಂದೇ ಕಡೆ ಕಿರಿದಾಗಿದೆ, ಅದರ ಹಿಂದಿನ ಕರುಳು ಹಿಗ್ಗಿದೆಯಂತೆ. ಸ್ಕೋಪು, ಅಂದರೆ ಕ್ಯಾಮೆರಾ ಪೈಪು ಅಲ್ಲಿಗೆ ತಲುಪಿದರೆ ಬಲೂನು ಹಾಕಿ ಅಗಲ ಮಾಡಲು ನೋಡುತ್ತಾರೆ, ಆಗದಿದ್ದರೆ ಮತ್ತೆ ಆಪರೇಷನ್ ಮಾತು. ಡೇಟ್ ಕೊಟ್ಟಿಲ್ಲ. ಸದ್ಯ ಗಂಜಿ, ಇಡ್ಲಿ, ಮೊಸರನ್ನ. ಇಸಬ್ಗೋಲ್ ಡಬ್ಬ ಅಟ್ಟಕ್ಕೆ ಹೋಯಿತು. ನೋವು ಕಡಿಮೆ ಇದೆ, ತೂಕ ಮಾತ್ರ ಇಳಿಯುತ್ತಿದೆ. ಬಲೂನು ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಎಷ್ಟು ಕಾಲ ತಡೆಯುತ್ತದೆ?

ಇನ್ನೊಂದು. ಯುಗಾದಿಗೆ ಹೋಳಿಗೆ ತಿನ್ನಬಹುದಾ?

ರುಬ್ಬು_ರಾಜ
ಬಲೂನು ಗೊತ್ತಿಲ್ಲ. ಹೂರಣ ಮಾತ್ರ ನನ್ನ ಗ್ರೈಂಡರಲ್ಲಿ ಒಂದು ಕಣ ಸಿಗದ ಹಾಗೆ ಬರುತ್ತದೆ.

ಕರಾವಳಿ_ಅಕ್ಕ
ಕಾಯಿ ಹೋಳಿಗೆ ಬೇಡವೇ ಬೇಡ. ಬೇಳೆ ಹೋಳಿಗೆಯಾದರೆ ನೋವಿಲ್ಲದ ದಿನ ಸಿಸ್ಟರ್ ಹೂಂ ಅಂದರೆ ಒಂದು ತುಂಡು, ಹಾಲಲ್ಲಿ ನೆನೆಸಿ, ಚೆನ್ನಾಗಿ ಅಗಿದು. ತೂಕಕ್ಕೆ ಗಂಜಿಗೇ ಒಂದು ಚಮಚ ತುಪ್ಪ ಬಿಡಿ.

ವಾರ್ಡ್_ಸಿಸ್ಟರ್
ಹೂಂ ಅನ್ನಬೇಕಾದವರು ನಿಮ್ಮ ಸರ್ಜನ್, ನಾನಲ್ಲ. ತೂಕ ಇಳಿಯುತ್ತಿರುವುದನ್ನು ಮೊದಲು ಅವರಿಗೆ ಹೇಳಿ. ಡೇಟ್ ಬೇಗ ಸಿಗಬಹುದು.

ಮುದ್ದೆ_ಮಾದ
ರಾಜಣ್ಣ, ಆ ಗ್ರೈಂಡರ್ ಎಷ್ಟು ಲೀಟರಿನದು?