ಪ್ರವಾಸ ಕಥನಕ್ಕೆ ಬಹುಮಾನ: ಕಳಿಸಿ ಗೊತ್ತಿದ್ದವರು ಹೇಳಿ

ಮಗಳ ಬಾಣಂತನಕ್ಕೆಂದು ಆರು ತಿಂಗಳು ಅಮೆರಿಕದಲ್ಲಿದ್ದೆ. ದಿನಾ ಬರೆದಿಟ್ಟದ್ದು 180 ಪುಟ ಆಗಿದೆ. ಪುಸ್ತಕ ಮಾಡಿಸಿ ಪ್ರವಾಸ ಸಾಹಿತ್ಯದ ಬಹುಮಾನಕ್ಕೆ ಕಳಿಸುವ ಆಸೆ. 'ಬಾಣಂತನದ ಕತೆಗೆ ಯಾರು ಬಹುಮಾನ ಕೊಡ್ತಾರೆ' ಅಂತ ನಮ್ಮ ಮನೆಯವರು ನಗುತ್ತಾರೆ. ಕಳಿಸಿದವರಿದ್ದರೆ ಹೇಳಿ.

*

ಮೇಡಂ, ನಗುವವರಿಗೆ ಗೊರೂರರ ಹೆಸರು ಹೇಳಿ. ಎಪ್ಪತ್ತು ದಾಟಿದ ಮೇಲೆ ಅಮೆರಿಕ ನೋಡಿಬಂದು ಬರೆದ 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಅಲ್ಲಿ ಪ್ರವಾಸಕ್ಕೆ ಅಂತ ಬೇರೆ ವಿಭಾಗ ಇಲ್ಲ. ಕತೆ, ಕಾದಂಬರಿ, ಕವಿತೆಗಳ ಸಾಲಿನಲ್ಲೇ ನಿಂತು ಗೆದ್ದದ್ದು.

ನೀವು ಮೊದಲು ಕಣ್ಣಿಡಬೇಕಾದದ್ದು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನದ ಮೇಲೆ. ಅದರಲ್ಲಿ ಪ್ರವಾಸ ಸಾಹಿತ್ಯಕ್ಕೇ ಒಂದು ವಿಭಾಗ ಇದೆ. ಊರೂರಿನ ಸಂಘಗಳೂ ದತ್ತಿ ಬಹುಮಾನ ಕೊಡುತ್ತವೆ. ಪೇಪರಿನ ಮೂಲೆಯಲ್ಲಿ 'ಕೃತಿಗಳ ಆಹ್ವಾನ' ಅಂತ ನಾಲ್ಕು ಸಾಲು ಬರುತ್ತದೆ, ಕಣ್ತಪ್ಪಿಸಬೇಡಿ.

ನಾನು ಎಡವಿದ್ದು ಇಸವಿಯಲ್ಲಿ. ಪುಸ್ತಕ ಅಚ್ಚಾಗಿದ್ದು ಡಿಸೆಂಬರ್ ಕೊನೆಗೆ, ಬಿಡುಗಡೆ ಫೆಬ್ರವರಿಯಲ್ಲಿ. ಬಿಡುಗಡೆಯ ವರ್ಷಕ್ಕೆ ಕಳಿಸಿದೆ. ಒಳಪುಟದಲ್ಲಿ 'ಮೊದಲ ಮುದ್ರಣ' ಅಂತ ಹಿಂದಿನ ವರ್ಷ ಕೂತಿತ್ತು. ಓದದೇ ಪಕ್ಕಕ್ಕಿಟ್ಟರು. ಹಿಂದಿನ ವರ್ಷದ ಗಡುವು ಆಗಲೇ ಮುಗಿದಿತ್ತು. ನಾಲ್ಕು ಪ್ರತಿ, ಕೊರಿಯರ್ ಖರ್ಚು ಎಲ್ಲ ನೀರಿಗೆ ಹಾಕಿದ ಹಾಗಾಯಿತು. ವರ್ಷದ ಕೊನೆಯಲ್ಲಿ ಅಚ್ಚು ಹಾಕಿಸಬೇಡಿ, ಅಷ್ಟೇ.

*

ನಮ್ಮೂರ ಸಂಘವೊಂದರ ದತ್ತಿ ಬಹುಮಾನಕ್ಕೆ ಒಂದು ಸಲ ತೀರ್ಪುಗಾರನಾಗಿದ್ದೆ. ಹದಿನಾಲ್ಕು ಪುಸ್ತಕ ಬಂದಿದ್ದವು. ಒಂಬತ್ತು ಶುರುವಾಗಿದ್ದು ವೀಸಾ ಕ್ಯೂನಲ್ಲಿ! ಆಮೇಲೆ ಏರ್‌ಪೋರ್ಟ್, ಅಲ್ಲಿನ ಇಡ್ಲಿ ರೇಟು, ವಿಮಾನದಲ್ಲಿ ಕಿವಿ ನೋವು. ಊರು ತಲುಪುವಷ್ಟರಲ್ಲಿ ನಲವತ್ತು ಪುಟ. ಊರು ಬಂದ ಮೇಲಾದರೂ ಏನು, ಗೋಪುರ ಎಷ್ಟು ಅಡಿ, ಕಟ್ಟಿಸಿದ್ದು ಯಾರು. ಅದು ಗೂಗಲ್‌ನಲ್ಲೇ ಸಿಗುತ್ತೆ ಅಲ್ವಾ?

ನಾವು ಆರಿಸಿದ್ದು ಲಡಾಖ್ ಪುಸ್ತಕ. ಮಾಳಿಗೆ ಮೇಲೆ ಏಪ್ರಿಕಾಟ್ ಒಣಹಾಕುತ್ತಿದ್ದ ಅಜ್ಜಿಯ ಜೊತೆ ಕೂತು, ಬೀಜ ಬಿಡಿಸುತ್ತಾ ಕಳೆದ ಒಂದು ಮಧ್ಯಾಹ್ನಕ್ಕೆ ಆರು ಪುಟ ಕೊಟ್ಟಿದ್ದರು. ಭಾಷೆ ಬಾರದೆ ಇಬ್ಬರೂ ಪೇಚಾಡಿದ್ದೂ ಅದರಲ್ಲಿತ್ತು. ನನ್ನ ಕೇಳಿದರೆ ಬಾಣಂತನವೇ ನಿಮ್ಮ ಬಂಡವಾಳ. ನಯಾಗರಾ ಎಲ್ಲರೂ ಬರೆದಿದ್ದಾರೆ.

*

ಬಣ್ಣದ ಫೋಟೋ ಜಾಸ್ತಿ ಹಾಕಿಸಬೇಡಿ. ಸುಮ್ನೆ ಬೆಲೆ ಏರುತ್ತೆ, ಮಾರಾಟ ಆಗಲ್ಲ. ನನ್ನ ಮಂಚದ ಕೆಳಗೆ ಇನ್ನೂ ಮುನ್ನೂರು ಪ್ರತಿ ಇವೆ.

*

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್. ನನ್ನದೂ ವೀಸಾ ಕ್ಯೂನಿಂದಲೇ ಶುರುವಾಗಿತ್ತು! ಇಪ್ಪತ್ತೆರಡು ಪುಟ ತೆಗೆದುಹಾಕಿದೆ. ಈಗ ಮೊದಲ ಪುಟದಲ್ಲಿ ನಾನು ಬಾತ್‌ರೂಮಿನ ನೆಲದ ಮೇಲೆ ಕಾಲು ಚಾಚಿ ಕೂತು ಮಗುವಿಗೆ ಎರೆಯುತ್ತಿದ್ದೇನೆ. ಪಕ್ಕದ ಮನೆಯ ಮೆಕ್ಸಿಕೋ ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಅವರಲ್ಲೂ ನಲವತ್ತು ದಿನದ ಬಾಣಂತನ ಇದೆಯಂತೆ.