ಪದಚರ್ಚೆ: ‘ನೀಡಲ್‌ಪಾಯಿಂಟ್’ಗೆ ಕನ್ನಡದಲ್ಲಿ ಏನನ್ನೋಣ? (ಸ್ವಲ್ಪ ಅವಸರ)

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಹೊಲಿಯುವವರಿಗಾಗಿ ಒಂದು ಕಿರುಪುಸ್ತಕ ಅನುವಾದ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ನೀಡಲ್‌ಪಾಯಿಂಟ್’ ಹತ್ತಿರ ಸಿಕ್ಕಿಕೊಂಡಿದ್ದೇನೆ. ಗಟ್ಟಿ ಕ್ಯಾನ್ವಾಸಿನ ಒಂದೊಂದು ಕಣ್ಣಿಗೂ ಉಣ್ಣೆ ದಾರ ಹಾಕಿ, ಕೆಳಗಿನ ಬಟ್ಟೆ ಕಾಣದ ಹಾಗೆ ಪೂರ್ತಿ ತುಂಬುವ ಕೆಲಸ ಅದು. ಸದ್ಯಕ್ಕೆ ‘ಸೂಜಿಮೊನೆ ಕಸೂತಿ’ ಅಂತ ಬರೆದಿದ್ದೇನೆ. ‘ಟೆಂಟ್ ಸ್ಟಿಚ್’ಗೆ ‘ಡೇರೆ ಹೊಲಿಗೆ’. ನಡೆಯುತ್ತದಾ?

ಉತ್ತರ 1:

ನಡೆಯೋದಿಲ್ಲ. ಈ ಕೆಲಸದ ಸೂಜಿಗೆ ಮೊನೆಯೇ ಇರೋದಿಲ್ಲ. ಮೊಂಡು ತುದಿ, ದೊಡ್ಡ ಕಣ್ಣು. ಚೂಪು ಸೂಜಿ ಹಾಕಿದರೆ ಕ್ಯಾನ್ವಾಸಿನ ಎಳೆಯನ್ನೇ ಸೀಳುತ್ತದೆ. ‘ಸೂಜಿಮೊನೆ’ ಅಂತ ಓದಿ ಹೊಸಬರು ಚೂಪು ಸೂಜಿ ತಂದರೆ ಯಾರು ಹೊಣೆ? ‘ಡೇರೆ’ ಇನ್ನೂ ತಪ್ಪು. ಆ ಹೊಲಿಗೆಯಲ್ಲಿ ಡೇರೆ ಎಲ್ಲಿ ಕಾಣುತ್ತದೆ? ಅಡ್ಡ ಎಳೆ, ಉದ್ದ ಎಳೆ ಕೂಡುವ ಜಾಗದ ಮೇಲೆ ಎಡ ಕೆಳಗಿನಿಂದ ಬಲ ಮೇಲಕ್ಕೆ ಒಂದು ಓರೆ ಗೀಟು, ಅಷ್ಟೇ. ‘ಓರೆ ಹೊಲಿಗೆ’ ಅನ್ನಿ.

ಉತ್ತರ 2:

ಮುಖ್ಯ ತಪ್ಪನ್ನು ಯಾರೂ ಹೇಳಲಿಲ್ಲ. ಕಸೂತಿ ಅಂದರೆ ಕೈ + ಸೂತಿ. ಕೈಯಿಂದ ಮಾಡಿದ ಹತ್ತಿ ನೂಲಿನ ಕೆಲಸ. ಉಣ್ಣೆ ಬಂದ ಕೂಡಲೇ ಅದು ಕಸೂತಿ ಅಲ್ಲ.

ಉತ್ತರ 3:

ಕೈಪಿಡಿ, ಕೈಚೀಲ, ಕೈಗನ್ನಡಿ. ಎಲ್ಲಿ ‘ಐ’ ಬಿದ್ದು ‘ಕೈ’ ಬರೀ ‘ಕ’ ಆಗಿದೆ ತೋರಿಸಿ. ‘ಕೈ + ಸೂತಿ’ ಆಮೇಲೆ ಹೊಂದಿಸಿದ ವಿವರಣೆ. ಅದೂ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಮೂಲದ್ದನ್ನು ಅಂಟಿಸಿದ್ದು. ಇಷ್ಟಕ್ಕೂ ರೇಷ್ಮೆ ದಾರದಲ್ಲಿ ಮಾಡಿದ್ದನ್ನು ಧಾರವಾಡದ ಕಡೆ ಕಸೂತಿ ಅಂತಲೇ ಕರೆಯುತ್ತಾರೆ.

ಉತ್ತರ 1:

ಮೂಲ ಏನಾದರೂ ಇರಲಿ. ‘ಕಸೂತಿ’ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ. ಇಳಕಲ್ ಸೀರೆಯ ಮೇಲೆ ಗವಂತಿ ಅನ್ನುವ ಕಸೂತಿ ಹೊಲಿಗೆ ಹಾಕಿದವರಿಗೆ ಇದು ಗೊತ್ತು. ಒಂದು ಕಣ್ಣು ಬಿಟ್ಟು ಒಂದು ಹಾಕುತ್ತಾ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಬಿಟ್ಟ ಜಾಗ ತುಂಬಬೇಕು. ಗಂಟು ಹಾಕುವ ಹಾಗಿಲ್ಲ. ಕೊನೆಗೆ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತದೆ.

ನೀಡಲ್‌ಪಾಯಿಂಟಿನ ಬೆನ್ನು ಹಾಗಿಲ್ಲ. ಮುಂದೆ ಒಂದೇ ಓರೆ ಗೀಟು ಕಂಡರೂ ಅದನ್ನು ಹಾಕೋದಕ್ಕೆ 3 ದಾರಿ ಇವೆ. ಹಾಫ್ ಕ್ರಾಸ್‌ನಲ್ಲಿ ಹಿಂದೆ ಚಿಕ್ಕ ನೇರ ಗೀಟು. ದಾರ ಉಳಿಯುತ್ತದೆ, ಬೆನ್ನು ತೆಳುವಾಗುತ್ತದೆ. ಕಾಂಟಿನೆಂಟಲ್‌ನಲ್ಲಿ ಹಿಂದೆ ಉದ್ದ ಓರೆ ಗೀಟು. ಬೆನ್ನು ತುಂಬಿಕೊಳ್ಳುತ್ತದೆ, ಆದರೆ ಕ್ಯಾನ್ವಾಸ್ ಸೊಟ್ಟಗಾಗುತ್ತದೆ. ಮೂರನೆಯದರಲ್ಲಿ ಮೂಲೆಯಿಂದ ಮೂಲೆಗೆ ಸಾಲು ಹಾಕುತ್ತಾರೆ. ತಿರುಗಿಸಿ ನೋಡಿದರೆ ಥೇಟ್ ಹೆಣೆದ ಬುಟ್ಟಿ. ಕ್ಯಾನ್ವಾಸ್ ಅಷ್ಟಾಗಿ ಸೊಟ್ಟಗಾಗೋದಿಲ್ಲ. ಅದಕ್ಕೆ ‘ಬುಟ್ಟಿ ಹೆಣಿಗೆ’ ಅನ್ನಬಹುದು. ಇಷ್ಟು ವ್ಯತ್ಯಾಸ ಇರುವ ಎರಡು ಕೆಲಸಕ್ಕೆ ಒಂದೇ ಹೆಸರು ಯಾಕೆ?

ಉತ್ತರ 4:

‘ಹೆಣಿಗೆ’ ಅಂದರೆ ಜನ ಸ್ವೆಟರ್ ಅಂದುಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ಇಡೀ ಕೆಲಸವನ್ನೇ ‘ಟೇಪೆಸ್ಟ್ರಿ’ ಅನ್ನುತ್ತಾರೆ. ಅದನ್ನೇ ಇಟ್ಟುಕೊಳ್ಳಿ.

ಉತ್ತರ 3:

ದಯವಿಟ್ಟು ಬೇಡ. ಟೇಪೆಸ್ಟ್ರಿ ಮಗ್ಗದಲ್ಲಿ ನೇಯುವಂಥದ್ದು. 11ನೇ ಶತಮಾನದ ಬೇಯೂ ಟೇಪೆಸ್ಟ್ರಿ, ಸುಮಾರು 70 ಮೀಟರ್ ಉದ್ದದ್ದು, ನೇಯ್ದದ್ದೇ ಅಲ್ಲ. ಲಿನನ್ ಬಟ್ಟೆ ಮೇಲೆ ಉಣ್ಣೆ ದಾರದಲ್ಲಿ ಸೂಜಿಯಿಂದ ಹಾಕಿದ್ದು. ಅವರ ಗೊಂದಲವನ್ನು ನಾವು ಯಾಕೆ ಹೊತ್ತುಕೊಂಡು ಬರಬೇಕು? ಆದರೆ ‘ಕ್ಯಾನ್ವಾಸ್’ ಕೂಡ ಬೇಡ. ‘ಕಣ್ಬಟ್ಟೆ’ ಅನ್ನಿ. ಅಚ್ಚಗನ್ನಡ.

ಉತ್ತರ 1:

‘ಕಣ್ಬಟ್ಟೆ’ ಅಂದರೆ ಕಣ್ಣಿಗೆ ಕಟ್ಟುವ ಬಟ್ಟೆ ಅಂದುಕೊಳ್ಳುತ್ತಾರೆ. ಇನ್ನು ಅಚ್ಚಗನ್ನಡದ ವಿಷಯ. ಗುಂಡಿಗೆ ಹೊಲಿಯುವ ಕಾಜಾ ಪೋರ್ಚುಗೀಸರಿಂದ ಬಂತು. ಇಸ್ತ್ರಿಯೂ ಅಲ್ಲಿಂದಲೇ. ಸೂಜಿ ಸಂಸ್ಕೃತದ ತದ್ಭವ. ಇವನ್ನೆಲ್ಲ ಕಿತ್ತರೆ ಯಾವ ದರ್ಜಿ ಕೆಲಸ ಮಾಡುತ್ತಾನೆ? ಕ್ಯಾನ್ವಾಸ್ ಹಿಡಿದು ಕೂತವರು ಅದನ್ನು ಕ್ಯಾನ್ವಾಸ್ ಅಂತಲೇ ಕರೆಯುತ್ತಾರೆ.

ಉತ್ತರ 3:

ಬಂದದ್ದೆಲ್ಲ ಉಳಿಯಬೇಕು ಅನ್ನೋದಾದರೆ ಈ ಚರ್ಚೆಯೇ ಬೇಡ. ಹೊಸದಾಗಿ ತರುವಾಗಲಾದರೂ ಯೋಚಿಸಬೇಕು ಅಲ್ವಾ? ನೂಲು, ಎಳೆ, ಹೊಲಿ ಇವೆಲ್ಲ ನಮ್ಮವೇ. ಹಳಗನ್ನಡದ ‘ಪೊಲಿ’ ಇವತ್ತಿನ ‘ಹೊಲಿ’.

ಉತ್ತರ 5:

ಒಂದು ಮಾತು. ಕಸೂತಿಯಲ್ಲೇ ‘ಮೆಂತೆ’ ಅನ್ನುವ ಹೊಲಿಗೆ ಇದೆ, ಅಡ್ಡಡ್ಡ ಹಾಕುವ ಕತ್ತರಿ ಗುರುತಿನ ಥರದ್ದು. ಪಕ್ಕಪಕ್ಕ ಹಾಕಿದರೆ ಮೆಂತೆಕಾಳು ಹರಡಿದ ಹಾಗೆ ಕಾಣುತ್ತದೆ. ಕಣ್ಣಿಗೆ ಕಂಡದ್ದೇ ಹೆಸರಾಗಿದೆ. ಓರೆ ಹೊಲಿಗೆ, ಬುಟ್ಟಿ ಹೆಣಿಗೆ ಎರಡೂ ಅದೇ ದಾರಿಯವು. ಹೊಲಿಯುವವರ ಬಾಯಿಗೆ ಸುಲಭವಾಗಿ ಬರುತ್ತವೆ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಸೂಜಿಮೊನೆ, ಡೇರೆ ಎರಡನ್ನೂ ತೆಗೆದೆ. ಓರೆ ಹೊಲಿಗೆ, ಬುಟ್ಟಿ ಹೆಣಿಗೆ ಇಟ್ಟುಕೊಂಡೆ. ಪುಸ್ತಕದ ಹೆಸರು ‘ಕ್ಯಾನ್ವಾಸ್ ಹೊಲಿಗೆ’. ಸೂಜಿಯ ಪುಟದಲ್ಲಿ ‘ಮೊಂಡು ತುದಿಯ ಸೂಜಿಯೇ ಬೇಕು’ ಅಂತ ದಪ್ಪಕ್ಷರದಲ್ಲಿ ಸೇರಿಸಿದ್ದೇನೆ.

ಉತ್ತರ 3:

‘ಕ್ಯಾನ್ವಾಸ್’ಗೆ ನನ್ನ ಒಪ್ಪಿಗೆ ಇಲ್ಲ. ದಾಖಲಾಗಿರಲಿ.